ಟಿಕೆಟ್‌ಗೂ ಮುಂಚೆ ಒಂದು ಪ್ರಶ್ನೆ

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು ನಿಮಗೆಲ್ಲ ನೆನಪಿರುತ್ತೆ. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ನಡೆದದ್ದು ಹೆಚ್ಚು ಜನಕ್ಕೆ ನೆನಪಿರಲಿಕ್ಕಿಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ ಆಗ ರಾತ್ರಿ ಎಂಟು ಗಂಟೆ. ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲೋ ಆಸೆಯಿದ್ದ ಎಂಟು ಜನ ಒಂದೇ ವೇದಿಕೆ ಮೇಲೆ ಸಾಲಾಗಿ ನಿಂತಿದ್ದರು. ನಾನು ಕಾಫಿ ಕುಡಿಯುತ್ತಾ ಫೋನಿನಲ್ಲಿ ನೋಡ್ತಿದ್ದೆ. ಪಕ್ಕದಲ್ಲಿ ಅಪ್ಪ.

"ಯಾರ್ಯಾರು ಯಾವ ಪಾರ್ಟಿಯವರು?"

"ಎಲ್ರೂ ಒಂದೇ ಪಾರ್ಟಿ ಅಪ್ಪ."

"ಒಂದೇ ಪಾರ್ಟಿಯವರು ಟಿವಿಲಿ ಹೀಗೆ ಕಿತ್ತಾಡ್ತಿದಾರಾ? ಹೈಕಮಾಂಡ್ ಸುಮ್ಮನಿದ್ಯಾ?"

ಅಪ್ಪನ ಪ್ರಶ್ನೆ ತಮಾಷೆ ಅಲ್ಲ. ಅಲ್ಲಿ ಟಿಕೆಟ್ ಕೊಡೋದು ಮತದಾರರು. ಪ್ರೈಮರಿ ಅಂತ ಒಂದೊಂದೇ ರಾಜ್ಯದಲ್ಲಿ ವೋಟು ನಡೆದು, ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನ ಆಗುತ್ತೆ. ಅದಕ್ಕೂ ಮುಂಚೆ ಆಕಾಂಕ್ಷಿಗಳು ಟಿವಿ ಮುಂದೆ ನಿಂತು, ನಿಮಿಷದ ಲೆಕ್ಕದಲ್ಲಿ ಉತ್ತರ ಕೊಡಬೇಕು.

ವೇದಿಕೆ ಹತ್ತೋಕೂ ಷರತ್ತುಗಳಿದ್ದವು. ಕನಿಷ್ಠ 40 ಸಾವಿರ ಜನರಿಂದ ದೇಣಿಗೆ ಬಂದಿರಬೇಕು ಅನ್ನೋದು ಅದರಲ್ಲೊಂದು. ಉತ್ತರ ಡಕೋಟಾದ ಗವರ್ನರ್ ಡಗ್ ಬರ್ಗಮ್ ಏನು ಮಾಡಿದ್ರು ಗೊತ್ತಾ? ಒಂದು ಡಾಲರ್ ದೇಣಿಗೆ ಕೊಟ್ಟವರಿಗೆ 20 ಡಾಲರ್‌ನ ಗಿಫ್ಟ್ ಕಾರ್ಡ್! ಚುನಾವಣೆಗೆ ಮುಂಚೆ ಕುಕ್ಕರ್, ಸೀರೆ ಹಂಚೋ ಬುದ್ಧಿ ನಮ್ಮವರಿಗೆ ಮಾತ್ರ ಅಂದ್ಕೊಂಡಿದ್ದೆ.

ಮತದಾರಳಾಗಿ ನನಗೆ ಅನಿಸಿದ್ದು ಹೇಳ್ತೀನಿ. ಮೊದಲ ಅರ್ಧ ಗಂಟೆ ಯಾರ ಮಾತೂ ತಲೆಗೆ ಹೋಗಲ್ಲ. ದನಿ, ನಿಲುವು, ಕೋಟು, ನಗು, ಇಷ್ಟೇ ಕಾಣೋದು. ವಿವೇಕ್ ರಾಮಸ್ವಾಮಿ ಬಾಯಿ ತೆಗೆದಾಗೆಲ್ಲ, ನಮ್ಮ ಕಡೆ ಮುಖ ಅನ್ನೋ ಕಾರಣಕ್ಕೆ ಕಿವಿ ನಿಮಿರ್ತಿತ್ತು. ಅದೊಂದು ಕಾರಣವೇ? ಆಮೇಲೆ ನಿಕ್ಕಿ ಹೇಲಿ ಒಂದು ಮಾತು ಹೇಳಿದ್ರು. ದೇಶದ ಸಾಲ ಏರಿದ್ದಕ್ಕೆ ಎದುರು ಪಕ್ಷ ಮಾತ್ರ ಅಲ್ಲ, ನಮ್ಮ ಪಕ್ಷವೂ ಕಾರಣ, ಟ್ರಂಪ್ ಅವಧಿಯಲ್ಲೂ ಲಕ್ಷಾಂತರ ಕೋಟಿ ಡಾಲರ್ ಸಾಲ ಸೇರಿತು ಅಂತ. ಅದೇ ಟ್ರಂಪ್ ಸರ್ಕಾರದಲ್ಲಿ ವಿಶ್ವಸಂಸ್ಥೆಗೆ ರಾಯಭಾರಿ ಆಗಿದ್ದವರು ಅವರು. ನಾನು ಲೋಟ ಕೆಳಗಿಟ್ಟೆ. ನಮ್ಮಲ್ಲಿ ಒಬ್ಬ ಟಿಕೆಟ್ ಆಕಾಂಕ್ಷಿ ತನ್ನದೇ ಪಕ್ಷದ ಸರ್ಕಾರದ ಲೆಕ್ಕ ಹಿಡಿದು ಕ್ಯಾಮೆರಾ ಮುಂದೆ ಹೀಗೆ ಮಾತಾಡಿದ್ರೆ, ಸಂಜೆಯೊಳಗೆ ಶಿಸ್ತು ಸಮಿತಿ ನೋಟಿಸ್ ಬಂದಿರುತ್ತೆ.

ಹಾಗಂತ ಡಿಬೇಟ್ ಗೆದ್ದವರು ಚುನಾವಣೆ ಗೆಲ್ತಾರೆ ಅನ್ನೋಕಾಗಲ್ಲ. ಟ್ರಂಪ್ ಆ ಬಾರಿ ಒಂದು ಪ್ರೈಮರಿ ಡಿಬೇಟ್‌ಗೂ ಬರಲಿಲ್ಲ; ಟಿಕೆಟ್ ಅವರಿಗೇ ಸಿಕ್ತು. 2019ರ ಜೂನ್‌ನಲ್ಲಿ ಮಯಾಮಿಯಲ್ಲಿ ಕಮಲಾ ಹ್ಯಾರಿಸ್, ಬೈಡನ್ ಅವರನ್ನ ಎದುರಾ ಎದುರೇ ತರಾಟೆಗೆ ತಗೊಂಡಾಗ ಎಲ್ಲರೂ ಭೇಷ್ ಅಂದ್ರು. ಡಿಸೆಂಬರ್ ಹೊತ್ತಿಗೆ ಅವರು ಕಣದಿಂದ ಹೊರಗೆ. ಮರುವರ್ಷ ಅದೇ ಬೈಡನ್ ಕರೆದು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದರು.

ಆದ್ರೂ ನನಗೆ ಹೊಟ್ಟೆಕಿಚ್ಚು. ಗೆಲ್ಲಲಿ ಸೋಲಲಿ, ಪಟ್ಟಿ ಹೊರಬೀಳೋಕೆ ಮುಂಚೆ ಅವರ ಬಾಯಿಂದ ಉತ್ತರ ಬಂತಲ್ಲ.

ನಮ್ಮ ಮನೆ ಮಾರುತಿ ಮಂದಿರದ ಹತ್ತಿರ. ವಿಳಾಸ ವಿಜಯನಗರ, ವೋಟು ಗೋವಿಂದರಾಜನಗರ ಕ್ಷೇತ್ರಕ್ಕೆ. 2018ರಲ್ಲಿ ಇಲ್ಲಿಂದ ಗೆದ್ದವರು ಬಿಜೆಪಿಯ ವಿ. ಸೋಮಣ್ಣ. 2023ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಪಟ್ಟಿ ಬಂದಾಗ ಅವರ ಹೆಸರು ವರುಣಾ ಮತ್ತು ಚಾಮರಾಜನಗರದ ಎದುರಿಗಿತ್ತು. ಅವರು ಎರಡೂ ಕಡೆ ಸೋತರು. ಇಲ್ಲಿ ಕಾಂಗ್ರೆಸ್‌ನ ಪ್ರಿಯಾಕೃಷ್ಣ ಗೆದ್ದರು. ಆ ತೀರ್ಮಾನ ಸರಿಯೋ ತಪ್ಪೋ ಅನ್ನೋದು ನನ್ನ ವಿಷಯ ಅಲ್ಲ. ಐದು ವರ್ಷ ನಮ್ಮನ್ನ ಪ್ರತಿನಿಧಿಸಿದವರು ಬೇರೆ ಕಡೆ ಹೋಗ್ತಿದ್ದಾರೆ ಅನ್ನೋದು ನಮಗೂ ಟಿವಿಯ ಕೆಳಗೆ ಓಡೋ ಸಾಲಿನಿಂದಲೇ ತಿಳೀತು. ಅವತ್ತು ರಾತ್ರಿ ಚಾನೆಲ್‌ನಲ್ಲಿ ಚರ್ಚೆನೂ ಇತ್ತು. ಆರು ಕಿಟಕಿ, ಆರು ವಕ್ತಾರರು, ಒಬ್ಬರೂ ಅಭ್ಯರ್ಥಿ ಅಲ್ಲ.

ನಮ್ಮಲ್ಲಿ ಪ್ರೈಮರಿ ನಡೆದೇ ಇಲ್ಲ ಅಂತಲ್ಲ. 2014ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿ ದೇಶದ ಕೆಲವು ಕ್ಷೇತ್ರಗಳಲ್ಲಿ ಇದನ್ನ ಮಾಡಿಸಿ ನೋಡಿದ್ರು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ಉತ್ತರ ಅಂದ್ರೆ ಹೆಬ್ಬಾಳದ ಕಡೆ ಮಾತ್ರ ಅಲ್ಲ, ಮಹಾಲಕ್ಷ್ಮಿ ಲೇಔಟ್, ಕೆಂಗೇರಿನೂ ಅದರೊಳಗೇ ಬರುತ್ತೆ. ಅಲ್ಲಿ ಜನಾರ್ದನ ಪೂಜಾರಿ, ಇಲ್ಲಿ ಸಿ. ನಾರಾಯಣಸ್ವಾಮಿ ಆಯ್ಕೆಯಾದರು. ವೋಟು ಹಾಕಿದವರು ಮಾತ್ರ ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳು; ನಿಮಗೂ ನನಗೂ ಅದರಲ್ಲಿ ಜಾಗ ಇರಲಿಲ್ಲ. ಇಬ್ಬರೂ ಚುನಾವಣೆಯಲ್ಲಿ ಸೋತರು. ಪ್ರಯೋಗವೂ ಬೆಳೆಯಲಿಲ್ಲ. ನನಗೆ ಬೇಜಾರಾಗೋದು ಅದಕ್ಕೇ. ಮೋದಿ ಅಲೆಯಲ್ಲಿ ಸೋತವರು ನೂರಾರು ಜನ, ಅದರಲ್ಲಿ ಪ್ರೈಮರಿಯ ತಪ್ಪೇನು?

ಕಾರ್ಪೊರೇಟರ್ ವಿಷಯಕ್ಕೆ ಬಂದ್ರೆ ಇನ್ನೂ ವಿಚಿತ್ರ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. 2025ರ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಐದು ಪಾಲಿಕೆ ಬಂದು ನಾವು ಪಶ್ಚಿಮಕ್ಕೆ ಸೇರಿದ್ವಿ. 2015ರಲ್ಲಿ ಹೈಸ್ಕೂಲಿನಲ್ಲಿದ್ದ ನನ್ನ ಕಸಿನ್ ಈಗ ಕೆಲಸಕ್ಕೆ ಹೋಗ್ತಾನೆ.

ವಾರ್ಡ್ ಚುನಾವಣೆ ಸುದ್ದಿ ಬಂದಾಗೆಲ್ಲ ನಮ್ಮ ಪಾರ್ಕಿನ ಮೂಲೆಯ ಕಂಬಕ್ಕೆ ಫ್ಲೆಕ್ಸ್ ಬೀಳುತ್ತೆ. ಯುಗಾದಿ ಶುಭಾಶಯ, ಹುಟ್ಟುಹಬ್ಬದ ಶುಭಾಶಯ, ಕೆಳಗೆ 'ಸಮಾಜ ಸೇವಕರು'. ಒಂದೇ ಪಕ್ಷದ ನಾಲ್ಕು ಮುಖ ಒಂದೇ ಕಂಬದಲ್ಲಿ. ಯಾರ ಫೋಟೋ ದೊಡ್ಡದು, ಯಾರ ಮೇಲೆ ಯಾವ ನಾಯಕರ ತಲೆ, ಅದರಲ್ಲೇ ಪೈಪೋಟಿ. ನಮ್ಮ ಪ್ರೈಮರಿ ನಡೆಯೋದು ಆ ಕಂಬದ ಮೇಲೆ.

ನನ್ನ ಸಲಹೆ ಇಷ್ಟೇ. ಆ ನಾಲ್ಕು ಜನರನ್ನ ಒಂದು ಭಾನುವಾರ ಬೆಳಿಗ್ಗೆ ಪಾರ್ಕಿಗೆ ಕರೆಯೋಣ. ಇನ್ನೊಂದು ಪಕ್ಷದ ನಾಲ್ಕು ಜನರನ್ನ ಮುಂದಿನ ಭಾನುವಾರ. ಒಬ್ಬೊಬ್ಬರಿಗೆ ಎರಡು ನಿಮಿಷ, ಟೈಮರ್ ನಮ್ಮ ಫೋನಿನಲ್ಲಿ. ಇದನ್ನ ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿಗೆ ಹಾಕಿದಾಗ ಹನ್ನೆರಡು ಹೆಬ್ಬೆರಳು ಬಂತು, ಜೊತೆಗೆ "ಅವರು ಬರ್ತಾರಾ ಮೇಡಂ?" ಅಂತ ಒಂದು ಪ್ರಶ್ನೆ. ಬರದೇ ಇದ್ರೆ ಆ ಕುರ್ಚಿಯನ್ನ ಖಾಲಿನೇ ಇಟ್ಟು, ಮೇಲೆ ಹೆಸರು ಅಂಟಿಸೋಣ ಅಂದಿದೀನಿ. ಮೊದಲ ಪ್ರಶ್ನೆಯನ್ನೂ ಬರೆದಿಟ್ಕೊಂಡಿದೀನಿ: "ನಿಮ್ಮ ಪಕ್ಕ ಕೂತಿರೋರೂ ನಿಮ್ಮ ಪಕ್ಷದವರೇ. ನಮ್ಮ ರಸ್ತೆಯ ಮೋರಿ ವಿಷಯದಲ್ಲಿ ಅವರಿಗಿಂತ ನೀವು ಬೇರೆ ಏನು ಮಾಡ್ತೀರಿ?"