ಹೊಸ ಶುಶ್ರೂಷಕಿಗೆ ಹಳೆಯ ಸಹೋದ್ಯೋಗಿ

ಕೇರಳದಿಂದಲೋ ಕಲಬುರಗಿ, ವಿಜಯಪುರಗಳ ಕಡೆಯಿಂದಲೋ ಉದ್ಯೋಗನಿಮಿತ್ತ ಬಂದು, ಕೊಳ್ಳೇಗಾಲದ ಆಸ್ಪತ್ರೆಯಲ್ಲಿಯೋ ಹನೂರಿನ ಕಾಡಂಚಿನ ಆರೋಗ್ಯಕೇಂದ್ರದಲ್ಲಿಯೋ ಮೊದಲ ರಾತ್ರಿಪಾಳಿಗೆ ನಿಲ್ಲುವ ಶುಶ್ರೂಷಕಿಗೆ ಔಷಧದ ಪ್ರಮಾಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಆಕೆ ಕಲಿತೇ ಬಂದಿರುತ್ತಾಳೆ. ಆಕೆಗೆ ತಿಳಿಯದಿರುವುದು ಈ ಸೀಮೆಯ ಜನಜೀವನ. ಅದನ್ನು ತಿಳಿಸಿಕೊಡುವವರು ಯಾವ ಆದೇಶಪತ್ರದಲ್ಲಿಯೂ ಹೆಸರು ಕಾಣಿಸದ ಸ್ಥಳೀಯ ಸಹೋದ್ಯೋಗಿಗಳು.

ಜ್ವರದಿಂದ ಬಳಲಿದ ಮಗುವಿಗೆ ಡ್ರಿಪ್ ಹಾಕಲು ನರ ಹುಡುಕುವಾಗ ಮುಂಗೈಯ ದಾರ ಅಡ್ಡವಾಗುತ್ತದೆ. ಹೊಸಬಳು ಕತ್ತರಿಗೆ ಕೈಹಾಕುವಷ್ಟರಲ್ಲಿ ಆಯಾ ತಡೆಯುತ್ತಾಳೆ: “ಕುಯ್ಬೇಡಿ ಸಿಸ್ಟ್ರೇ, ಮಾದಪ್ಪನ ದಾರ ಕನವ್ವ ಅದು.” ಮಾದಪ್ಪನೆಂದರೆ ಈ ಸೀಮೆಯ ದೈವ ಮಲೆ ಮಹದೇಶ್ವರ. ದಾರವನ್ನು ತಾಯಿಯ ಕೈಯಿಂದಲೇ ಬಿಚ್ಚಿಸಿ, ಮಗುವಿನ ಇನ್ನೊಂದು ಕೈಗೆ ಕಟ್ಟಿಸಿದ ಮೇಲೆ ಸೂಜಿ ನಿರಾತಂಕವಾಗಿ ಇಳಿಯುತ್ತದೆ. ಹಾವು ಕಚ್ಚಿದವನನ್ನು ಕರೆತಂದವರಲ್ಲಿ, ಬೈಯದೆ, ನಾಟಿಮದ್ದು ಏನಾದರೂ ಆಯಿತೇ ಎಂದು ಕೇಳುವ ಬಗೆ, ಅಮಾವಾಸ್ಯೆಗೆ ಮಲೆ ಮಹದೇಶ್ವರ ಬೆಟ್ಟದ ಜನಸಂದಣಿ ವಾರ್ಡಿಗೂ ಬಂದೀತೆಂಬ ಎಚ್ಚರ, ಇವೂ ಅಂಥವೇ ಪಾಠಗಳು.

ಪರಸ್ಥಳದವರೊಡನೆ ಬಾಳುವುದು ಈ ಸೀಮೆಗೆ ಹೊಸದಲ್ಲ. 1956ರ ಏಕೀಕರಣದವರೆಗೆ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ನೆರೆಯ ಯಳಂದೂರು ಮೈಸೂರಿನದಾಗಿದ್ದುದರಿಂದ, ಎರಡು ಆಡಳಿತಗಳೂ ಎರಡು ಭಾಷೆಗಳೂ ಇಲ್ಲಿ ಮಗ್ಗುಲುಮಗ್ಗುಲಾಗಿ ಬದುಕಿದುವು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಅಲ್ಲಿನ ಸೋಲಿಗ ಬುಡಕಟ್ಟಿನ ಹೆಣ್ಣುಮಕ್ಕಳನ್ನೇ ಆರೋಗ್ಯ ಸಹಾಯಕಿಯರನ್ನಾಗಿ ತರಬೇತುಗೊಳಿಸಿತು. ಹೊರಗಿನವರ ವಿದ್ಯೆ ಎಷ್ಟೇ ಘನವಾದುದಾಗಲಿ, ಪೋಡಿನ (ಸೋಲಿಗರ ಹಾಡಿಯ) ಗರ್ಭಿಣಿಯ ವಿಶ್ವಾಸವನ್ನು ಗಳಿಸುವುದಕ್ಕೆ ಪೋಡಿನವಳೇ ಜೊತೆಗಿರಬೇಕು ಎಂಬುದನ್ನು ಅರಿತ ಕಾರ್ಯವದು. ಹೊಸಬರಿಗೆ ಸ್ಥಳೀಯರ ಜೊತೆ ಬೇಕೆಂಬ ನನ್ನ ಮಾತಿಗೆ ಇದಕ್ಕಿಂತ ಪ್ರಬಲವಾದ ಆಧಾರ ಬೇರೆ ಬೇಕಿಲ್ಲ.

ನಮ್ಮ ನಾಡಿನ ಶುಶ್ರೂಷಕಿಯರು ಇಂಗ್ಲೆಂಡಿಗೆ ಹೋದಾಗ ಇದೇ ಅವಸ್ಥೆ ತಿರುವುಮುರುವಾಗಿ ಎದುರಾಗುತ್ತದೆ. ಇಲ್ಲಿ ಮನೆಯವರು ಮಾಡುವ ಮೈತೊಳೆಸುವ, ಊಟ ಮಾಡಿಸುವ ಕೆಲಸವೂ ಅಲ್ಲಿ ವಾರ್ಡಿನ ಸಿಬ್ಬಂದಿಯದು; ವೈದ್ಯರ ಮಾತನ್ನು ಸಂದೇಹ ಬಂದಲ್ಲಿ ಪ್ರಶ್ನಿಸುವುದು ಅಲ್ಲಿ ಕರ್ತವ್ಯ. ಆದರೆ ಹೊಸಬರ ಆರಂಭದ ತಿಂಗಳುಗಳಲ್ಲಿ ಅನುಭವಿಯೊಬ್ಬರನ್ನು ಮಾರ್ಗದರ್ಶಿಯಾಗಿ ನೇಮಿಸಬೇಕೆಂದೂ, ಅದಕ್ಕಾಗಿ ವೇಳೆಯನ್ನು ಮೀಸಲಿಡಬೇಕೆಂದೂ ಅಲ್ಲಿ ಮಾರ್ಗಸೂಚಿಯುಂಟು.

ಇಲ್ಲಿ ಅದೆಲ್ಲವೂ ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿರುವುದು ಅನ್ಯಾಯ. ಚಾಮರಾಜನಗರ ಜಿಲ್ಲೆಯ ಆರೋಗ್ಯಾಧಿಕಾರಿಗಳು, ಪರಸ್ಥಳದಿಂದ ಬಂದ ಪ್ರತಿಯೊಬ್ಬ ಶುಶ್ರೂಷಕಿಗೂ ಮೊದಲ ಮೂರು ತಿಂಗಳು ಸ್ಥಳೀಯ ಸಹೋದ್ಯೋಗಿಯೊಬ್ಬರನ್ನು ಗೊತ್ತುಮಾಡಿ, ಇಬ್ಬರಿಗೂ ಒಂದೇ ಪಾಳಿ ಕೊಟ್ಟು, ಕಲಿಸುವ ವೇಳೆಯನ್ನು ಕೆಲಸದ ವೇಳೆಯೆಂದೇ ಲೆಕ್ಕಕ್ಕೆ ಹಿಡಿಯಬೇಕು. ಕಲಿಸುವವಳು ಹೊರಗುತ್ತಿಗೆಯ ಅಲ್ಪ ಸಂಬಳದ ಆಯಾ ಆಗಿದ್ದರೆ, ಆಕೆಗೆ ಅದಕ್ಕೆಂದೇ ಭತ್ಯೆಯನ್ನೂ ಕೊಡಬೇಕು.