ನಿಂತಾಗ ನಡುಗುವ ಗಾಡಿ



ನಮ್ಮ ಜತ್ತ ತಾಲೂಕಿನ ವ್ಯಾಪಾರಿ ಮನೆಗಳ ಹುಡುಗರಿಗೂ ಈಗ ವೇಗದ ಕಾರಿನ ಹಂಬಲ ಹತ್ತಿದೆ. 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2013ರ ಪೋಲೊ ಜಿಟಿಯಂಥ ಮಾದರಿಗಳನ್ನು ಪುಣೆ, ಕೊಲ್ಹಾಪುರಗಳಲ್ಲಿ ಹುಡುಕಿ, ಸೆಕೆಂಡ್ ಹ್ಯಾಂಡ್ ಕೊಂಡು ತರುತ್ತಾರೆ. ಇಂಥ ಹಳೆಯ ಗಾಡಿಗಳಲ್ಲಿ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತದೆ. ರಸ್ತೆಯಲ್ಲಿ ಓಡುವಾಗ ಏನೂ ತೊಂದರೆ ಇಲ್ಲ. ನಾಕಾದಲ್ಲಿ ನಿಂತರೆ ಇಂಜಿನ್ ನಡುಗುತ್ತದೆ, ಒಮ್ಮೊಮ್ಮೆ ಬಂದ್ ಬೀಳುತ್ತದೆ.

ಆಗ ಒಬ್ಬ ಮಿಸ್ತ್ರಿ ಪ್ಲಗ್ ಎನ್ನುತ್ತಾನೆ, ಮತ್ತೊಬ್ಬ ಪಂಪು ಎನ್ನುತ್ತಾನೆ. ಸಾಮಾನು ಬದಲಾಗುತ್ತ ಹೋಗುತ್ತದೆ, ದೋಷ ಮಾತ್ರ ಅಲ್ಲೇ ಉಳಿಯುತ್ತದೆ. ಕೀರ್ದಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ನಾವು ಹೊಸ ಪುಸ್ತಕ ಕೊಳ್ಳುವುದಿಲ್ಲ, ತಪ್ಪಿದ ರಕಮು ಹುಡುಕುತ್ತೇವೆ. ಇಲ್ಲಿಯೂ ಅದೇ ನ್ಯಾಯ.

ಮೊದಲು ಕಾರಣ ತಿಳಿಯಬೇಕು. ನಿಂತಾಗ ಇಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ಮಾತ್ರ ತಿರುಗುತ್ತದೆ, ಬಹಳ ಕಡಿಮೆ ಗಾಳಿ ಎಳೆಯುತ್ತದೆ. ಆಗ ಒಡೆದ ರಬ್ಬರ್ ಪೈಪಿನಿಂದ ಸ್ವಲ್ಪ ಗಾಳಿ ನುಸುಳಿದರೂ ಪೆಟ್ರೋಲಿನ ಪ್ರಮಾಣ ಕೆಡುತ್ತದೆ. ಗಾಳಿ ಅಳೆಯುವ ಸೆನ್ಸರ್ ದಾಟಿ ಬಂದ ಗಾಳಿ, ಲೆಕ್ಕಕ್ಕೆ ಬಾರದ ಮಾಲಿದ್ದಂತೆ. ರೇಸ್ ಕೊಟ್ಟಾಗ ಅದು ಮುಚ್ಚಿಹೋಗುತ್ತದೆ. ಸುಗ್ಗಿಯಲ್ಲಿ ಅಂಗಡಿಯ ಸೋರಿಕೆ ಕಾಣುವುದಿಲ್ಲ, ಮಂದಿ ದಿನಗಳಲ್ಲೇ ಕಾಣುತ್ತದೆ.

ತಪಾಸಣೆ ಅಗ್ಗದ್ದರಿಂದ ಶುರುವಾಗಲಿ. ಸ್ಕ್ಯಾನರ್ ಹಚ್ಚಿ ನೋಡಿಸಿರಿ. ಪಿ 0301ರಿಂದ 0304ರ ವರೆಗಿನ ಸಂಖ್ಯೆ ಬಂದರೆ ಯಾವ ಸಿಲಿಂಡರಿನಲ್ಲಿ ಮಿಸ್ಸಿಂಗ್ ಇದೆಯೆಂದು ತಿಳಿಯುತ್ತದೆ. ಇಂಜಿನ್ ಬಂದ್ ಮಾಡಿ ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದಕ್ಕೆ ಹಾಕಿ ಮತ್ತೆ ನೋಡಬೇಕು. ಮಿಸ್ಸಿಂಗ್ ಕಾಯಿಲಿನ ಜೊತೆ ಹೋದರೆ ಕಾಯಿಲೇ ಕೆಟ್ಟಿದೆ. ಹೋಗದಿದ್ದರೆ ಪ್ಲಗ್ ಅಥವಾ ಇಂಜೆಕ್ಟರ್ ನೋಡಬೇಕು. ಈ ಪರೀಕ್ಷೆಗೆ ಸಾಮಾನಿನ ಖರ್ಚೇ ಇಲ್ಲ. ಪಿ 0171 ಬಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದರ್ಥ. ಪೈಪುಗಳನ್ನೂ ಪೆಟ್ರೋಲ್ ಒತ್ತಡವನ್ನೂ ನೋಡಿಸಬೇಕು. ಸೋರಿಕೆ ಹುಡುಕಲು ದೊಡ್ಡ ಗ್ಯಾರೇಜಿನಲ್ಲಿ ಹೊಗೆ ಬಿಡುವ ಯಂತ್ರವಿರುತ್ತದೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸಿಂಪಡಿಸಿ ನೋಡುವವರನ್ನು ಮಾತ್ರ ತಡೆಯಿರಿ, ಬೆಂಕಿ ಹತ್ತೀತು.

ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದರೂ ಇದೇ ದೂರು ಬರುತ್ತದೆ. ಅದನ್ನು ತೊಳೆದ ಮೇಲೆ ಅನೇಕ ಗಾಡಿಗಳಲ್ಲಿ ಸ್ಕ್ಯಾನರಿನಿಂದ ಮತ್ತೆ ಹೊಂದಿಸಬೇಕಾಗುತ್ತದೆ. ಇಂಜಿನ್ ಬಿಸಿಯಾದಾಗ ಮಾತ್ರ ಬಂದ್ ಬಿದ್ದು, ತಣ್ಣಗಾದ ಮೇಲೆ ಶುರುವಾದರೆ ಕ್ರ್ಯಾಂಕ್ ಸೆನ್ಸರ್ ನೋಡಿಸಿರಿ.

ವೇಗದ ಗಾಡಿಗಳಿಗೆ ಇನ್ನೊಂದು ರೋಗವುಂಟು. ಹಿಂದಿನ ಮಾಲಕ ಹೌಸಿನಿಂದ ಎಣ್ಣೆ ಹಚ್ಚಿದ ತೆರೆದ ಫಿಲ್ಟರ್ ಕೂರಿಸಿರುತ್ತಾನೆ, ಕಂಪ್ಯೂಟರಿನ ಲೆಕ್ಕ ಬದಲಿಸಿರುತ್ತಾನೆ. ಆ ಎಣ್ಣೆ, ನಮ್ಮ ಬರಗಾಲದ ಸೀಮೆಯ ಧೂಳು ಎರಡೂ ಸೆನ್ಸರಿಗೆ ಅಂಟುತ್ತವೆ. ಮೊದಲು ಕಂಪನಿಯ ಮೂಲ ಸ್ಥಿತಿಗೆ ತಂದು, ಆಮೇಲೆ ದೋಷ ಹುಡುಕಬೇಕು.

ದುಡ್ಡಿಗಿಂತ ದೊಡ್ಡ ಮಾತು ಜೀವದ್ದು. ಓಡುವಾಗ ಇಂಜಿನ್ ಬಂದ್ ಬಿದ್ದರೆ ಸ್ಟಿಯರಿಂಗ್ ಬಿಗಿಯಾಗುತ್ತದೆ. ಒಂದೆರಡು ಸಲ ಒತ್ತಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ. ಆಗ ಕೀಲಿ ತೆಗೆಯಬಾರದು. ಬ್ರೇಕನ್ನು ಮೇಲಿಂದ ಮೇಲೆ ತುಳಿಯದೆ ಒಂದೇ ಸಮ ಬಲವಾಗಿ ಒತ್ತಿ, ಬದಿಗೆ ನಿಲ್ಲಿಸಬೇಕು. ಇಂಜಿನ್ ದೀಪ ಮಿಣುಕುತ್ತಿದ್ದರೆ ಮುಂದೆ ಓಡಿಸಬೇಡಿರಿ, ಸೈಲೆನ್ಸರಿನ ಕೆಟಲಿಟಿಕ್ ಕನ್ವರ್ಟರ್ ಸುಡುತ್ತದೆ. ದೋಷ ಸಿಗುವ ತನಕ ಮನೆಮಂದಿಯನ್ನು ಅದರಲ್ಲಿ ಕೂಡಿಸಿಕೊಂಡು ವಿಜಯಪುರದ ಹಾದಿ ಹಿಡಿಯಬೇಡಿರಿ.

ಕೊಳ್ಳುವವರು ಇಂಜಿನ್ ತಣ್ಣಗಿದ್ದಾಗಲೇ ಹೋಗಿ ಶುರು ಮಾಡಿಸಿರಿ. ಏಸಿ, ದೀಪ ಹಚ್ಚಿ ಕಾಲು ತಾಸು ನಿಲ್ಲಿಸಿ ನೋಡಿರಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿರಿ. ನಾವೇ ಮಾರುವಾಗ ದೋಷವನ್ನು ಬಾಯಿಬಿಟ್ಟು ಹೇಳೋಣ. ಮುಚ್ಚಿಟ್ಟು ಗಳಿಸಿದ ಹತ್ತಿಪ್ಪತ್ತು ಸಾವಿರಕ್ಕಿಂತ ಪೇಟೆಯಲ್ಲಿ ನಮ್ಮ ಮಾತಿನ ಬೆಲೆ ದೊಡ್ಡದು.