ದಾರಿ ನೋಡಿದ ಬೆಕ್ಕು

ನಂದಿ ಬೆಟ್ಟದ ಸುತ್ತಮುತ್ತ ಅರ್ಕಾವತಿ, ಪಾಲಾರ್, ಪೆನ್ನಾರ್ ನದಿಗಳು ಹುಟ್ಟುತ್ತವೆ ಎಂದು ನೀವು ಪಾಠದಲ್ಲಿ ಓದಿರುತ್ತೀರಿ. ಹುಟ್ಟುವುದೇನೋ ನಿಜ, ಆದರೆ ನಮ್ಮೂರಲ್ಲಿ ದೋಣಿ ತೇಲುವಷ್ಟು ನೀರು ಬಿಟ್ಟು ಹೋಗುವುದಿಲ್ಲ. ದೋಣಿಯ ಹಾಗೆ ಓಲಾಡುತ್ತ, ಅಷ್ಟೇ ನಿಧಾನವಾಗಿ ಹೋಗಬೇಕೆಂದರೆ ನಾನು ಹುಡುಗನಾಗಿದ್ದಾಗ ಇದ್ದದ್ದು ಚಿಕ್ಕ ರೈಲು. ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ! 1915ರಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬಂದ ಆ ದಾರಿ ಮುಂದೆ ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರದವರೆಗೂ ಹೋಗುತ್ತಿತ್ತು. ಈಗ ಅಲ್ಲೆಲ್ಲ ದೊಡ್ಡ ಹಳಿ.

ಆ ರೈಲಿನಲ್ಲಿ ಒಂದು ದಿನ ನಾನು, ಅಜ್ಜಿ ಮತ್ತು ನಮ್ಮ ಬೆಕ್ಕು ಚುಕ್ಕಿ ಹೊರಟೆವು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರಮಾವ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಪೊರೆ ಬಿಡುವಾಗ ಸೊಪ್ಪು ಮುಟ್ಟದೆ ತಲೆಯೆತ್ತಿ ಕೂರುವುದಕ್ಕೆ ‘ಜ್ವರ’ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳು ನಿಮ್ಮ ಬೆರಳಿನಷ್ಟು ಕೊಬ್ಬಿರುತ್ತದೆ. ಅದನ್ನು ಕಂಡರೆ ಇಲಿಗೆ ಹಬ್ಬ. ಇರುವೆ ಹತ್ತದಂತೆ ಕಂಬದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಬಹುದು, ಇಲಿಗೆ ಅದು ನಡೆಯುವುದಿಲ್ಲ. ಪಾಷಾಣ ಇಡೋಣವೆಂದರೆ ಅದೇ ಕೈಯಲ್ಲಿ ಹುಳಕ್ಕೆ ಸೊಪ್ಪು ಹಾಕಬೇಕು. ಜಪಾನಿನಲ್ಲೂ ರೇಷ್ಮೆಯವರು ಇಲಿ ಕಾಟಕ್ಕೆಂದೇ ಬೆಕ್ಕು ಸಾಕುತ್ತಿದ್ದರು. ಇಲಿ ಹೆದರಲಿ ಎಂದು ಬೆಕ್ಕಿನ ಚಿತ್ರವನ್ನೂ ಮನೆಯಲ್ಲಿ ಅಂಟಿಸುತ್ತಿದ್ದರಂತೆ. ನಮ್ಮ ಮಾವನಿಗೆ ಚಿತ್ರ ಸಾಲಲಿಲ್ಲ, ಚುಕ್ಕಿಯೇ ಬೇಕಾಯಿತು.

ರಾತ್ರಿ ನನ್ನ ಕಾಲ ಬಳಿ ಮಲಗುತ್ತಿದ್ದ ಬೆಕ್ಕು. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಅಜ್ಜಿ ಅದನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು.

“ಪಾಪ, ಉಸಿರು ಕಟ್ಟುತ್ತೆ ಅಜ್ಜಿ.”

“ಏನೂ ಆಗಲ್ಲ ಕಣೋ. ಬೆಕ್ಕು ದಾರಿ ನೋಡಬಾರದು. ನೋಡಿದರೆ ವಾಪಸ್ ಬಂದುಬಿಡುತ್ತೆ.”

ಅಜ್ಜಿ ಹಾಗನ್ನದೇ ಇದ್ದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ನಂದಿ ಹಾಲ್ಟ್ ಬಿಟ್ಟು ಸ್ವಲ್ಪ ಹೊತ್ತಿಗೆ ಅಜ್ಜಿ ತೂಕಡಿಸಿದಳು. ನಾನು ಮೆಲ್ಲಗೆ ಗಂಟು ಬಿಚ್ಚಿದೆ. ಚುಕ್ಕಿ ತಲೆ ಹೊರಗೆ ಹಾಕಿತು. ಎತ್ತಿ ಕಿಟಕಿಗೆ ಹಿಡಿದೆ. “ನೋಡು, ಬಸವ ಮಲಗಿದ ಹಾಗೆ ಕಾಣುತ್ತಲ್ಲ, ಅದು ನಂದಿ ಬೆಟ್ಟ. ಅದನ್ನು ಗುರುತಿಟ್ಟುಕೋ. ಹಳಿ ಹಿಡಿದು ಬಂದರೆ ಸಾಕು.” ದ್ರಾಕ್ಷಿ ತೋಟ, ಒಣಗಿದ ಕೆರೆ, ಚಿಕ್ಕಬಳ್ಳಾಪುರ ಸ್ಟೇಷನ್ನಿನ ಬೋರ್ಡು, ಒಂದನ್ನೂ ಬಿಡದೆ ತೋರಿಸಿದೆ. ಎದುರು ಕೂತಿದ್ದ ಹೂವಿನಾಕೆ ಎಲ್ಲ ನೋಡುತ್ತಿದ್ದಳು, ಅಜ್ಜಿಯನ್ನು ಮಾತ್ರ ಎಬ್ಬಿಸಲಿಲ್ಲ. ಅಷ್ಟರಲ್ಲಿ ಇಂಜಿನ್ನಿನ ಕಲ್ಲಿದ್ದಲ ಪುಡಿ ಹಾರಿಬಂತು. ಚುಕ್ಕಿ ಎರಡು ಸಲ ಸೀನಿ, ತಾನಾಗಿಯೇ ಚೀಲದೊಳಗೆ ಹೋಯಿತು. ಶಿಡ್ಲಘಟ್ಟದವರೆಗೂ ಎಷ್ಟು ಕರೆದರೂ ಬರಲಿಲ್ಲ.

ಆ ರಾತ್ರಿ ಮಾವನ ಮನೆಯಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು ಜಡಿಮಳೆಯ ಹಾಗೆ. ಬೆಳಿಗ್ಗೆ ಹೊಸ್ತಿಲಲ್ಲಿ ಸತ್ತ ಇಲಿ, ಪಕ್ಕದಲ್ಲಿ ಮುಖ ತೊಳೆದುಕೊಳ್ಳುತ್ತ ಚುಕ್ಕಿ. ಮಾವನ ಮುಖ ಅರಳಿತು. ನಾನು ಅಜ್ಜಿಯ ಸೆರಗು ಹಿಡಿದು ರೈಲು ಹತ್ತಿದೆ.

ಮನೆಯಲ್ಲಿ ದಿನಾ ಸಂಜೆ ಒಂದು ಬಟ್ಟಲು ಹಾಲು ಬಾಗಿಲಲ್ಲಿ ಇಡುತ್ತಿದ್ದೆ. ಬೀದಿನಾಯಿ ಕುಡಿದು ಹೋಗುತ್ತಿತ್ತು.

ದಸರಾ ರಜೆಗೆ ಹೋದಾಗ ಹುಳದ ಮನೆಯ ಹಿಂದೆ, ಮೂಲೆಗೆ ಒರಗಿಸಿದ ಚಂದ್ರಿಕೆಗಳ ಮರೆಯಲ್ಲಿ ಚುಕ್ಕಿ ಮೂರು ಮರಿ ಹಾಕಿಕೊಂಡು ಮಲಗಿತ್ತು. ನನ್ನನ್ನು ನೋಡಿತು, ಬಾಲ ಆಡಿಸಿತು, ಏಳಲಿಲ್ಲ. ಹೊರಡುವ ದಿನ ಮಾವ ಒಂದು ಮರಿಯನ್ನು ಗೋಣಿಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು.

ಈ ಸಲ ಚೀಲದ ಬಾಯಿಯನ್ನು ನಾನೇ ಕಟ್ಟಿದೆ, ಎರಡು ಗಂಟು ಹಾಕಿ.